ಲಕೋಟೆ ಒಡೆದ ಮೇಲೆ ಚೌಕಾಸಿ

ಮುನ್ನೂರು ಡಾಲರ್ ಉಳಿಸಲು ಹೋದೆ. ಅದಕ್ಕೆ ತಗುಲಿದ ಖರ್ಚು ಇಷ್ಟು: ಡೆಟ್ರಾಯಿಟ್‌ನಿಂದ ಶಿಕಾಗೋಗೆ ಹೋಗಿಬರುವ ಪೆಟ್ರೋಲು, ಎರಡು ದಿನದ ರಜೆ, ಒಂದು ಡಬ್ಬಿ ಪುಳಿಯೋಗರೆ ಮತ್ತು ಚಿಕ್ಕಂದಿನಿಂದ ಸಾಕಿಕೊಂಡು ಬಂದ ನನ್ನ ಜಂಬ. ಪೆಟ್ರೋಲು, ರಜೆ, ಪುಳಿಯೋಗರೆ ಮತ್ತೆ ಸಿಗುತ್ತವೆ ಬಿಡಿ.

ಯಾಕೆ ಇಷ್ಟೆಲ್ಲ ಖರ್ಚಾಯಿತು? ಚೌಕಾಸಿ ಮಾಡಬಾರದ ಕಡೆ ಚೌಕಾಸಿ ಮಾಡಿದೆ.

ನಗಬೇಡಿ. ಅಂಥದೊಂದು ಜಾಗ ಭೂಮಿಯ ಮೇಲಿದೆ ಅಂತ ನನಗೆ ಯಾರು ಹೇಳಿದ್ದರು? ನಮ್ಮಪ್ಪನ ಗುಮಾಸ್ತೆ ಸಂಬಳದಲ್ಲಿ ಮನೆ ತುಂಬ ಜನ ಉಣ್ಣಬೇಕಿತ್ತು. ಲಂಗ ಹಾಕುವ ವಯಸ್ಸಿಗೇ ಮಾರ್ಕೆಟ್ಟಿನ ಚೀಲ ನನ್ನ ಕೈಗೆ ಬಂತು. ಬದನೆಕಾಯಿಯವಳ ಹತ್ತಿರ ಕಲಿತ ವಿದ್ಯೆಯನ್ನು ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ ಸಾಣೆ ಹಿಡಿದೆ. ಅಂಗಡಿಯವನು ಹೇಳಿದ್ದರ ಅರ್ಧಕ್ಕಿಂತ ಕೆಳಗೆ ಶುರು ಮಾಡಬೇಕು. ಪಕ್ಕದ ಅಂಗಡಿಯವನ ರೇಟು ಹೇಳಿ ಹೊಟ್ಟೆ ಉರಿಸಬೇಕು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳಬೇಕು. ನಾಲ್ಕು ಹೆಜ್ಜೆ ಇಟ್ಟರೂ ಅವನು ಕೂಗಲಿಲ್ಲ ಅಂದರೆ ಚಪ್ಪಲಿ ಹಾಕಿಕೊಳ್ಳುವುದರಲ್ಲಿ ನೀವು ಅವಸರ ಮಾಡಿದ್ದೀರಿ ಅಂತಲೇ ಅರ್ಥ.

ಅಮೆರಿಕಕ್ಕೆ ಬಂದಾಗ ಎಲ್ಲರೂ ಹೆದರಿಸಿದರು. "ಇಲ್ಲಿ ಫಿಕ್ಸೆಡ್ ರೇಟು ಕಣ್ರೀ, ಬಾಯಿ ಬಿಟ್ರೆ ಮರ್ಯಾದೆ ಹೋಗತ್ತೆ." ನಾನು ಕೇಳಿದೆ, ಆ ಚೀಟಿ ಅಂಟಿಸಿದವನು ಮನುಷ್ಯನೇ ತಾನೇ? ಹಾಸಿಗೆ, ಹೊಲಿಗೆ ಮಿಷನ್ನು, ಬಾಗಿಲಿಗೆ ಚೂರು ಗೀರು ಬಿದ್ದ ಫ್ರಿಜ್ಜು, ಯಾವುದಕ್ಕೂ ನಾನು ಚೀಟಿಯ ಬೆಲೆ ಕೊಟ್ಟವಳಲ್ಲ. ಈಗ ಮೈಸೂರಿನಿಂದ ಹೊಸದಾಗಿ ಬಂದ ಜೋಡಿಗಳು ಕಾರು ಕೊಳ್ಳುವಾಗ ಡ್ರೈವಿಂಗ್ ಲೈಸೆನ್ಸ್ ಮರೆತರೂ ನನ್ನನ್ನು ಕರೆದುಕೊಂಡು ಹೋಗುವುದನ್ನು ಮರೆಯುವುದಿಲ್ಲ. ನಮ್ಮವರು ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಇಂಜಿನಿಯರು. ಕಾರು ಮಾಡಲು ಬರುತ್ತದೆ, ಕೊಳ್ಳಲು ಬರುವುದಿಲ್ಲ.

ಇಂಥ ನಾನು ರಾತ್ರಿ ಶಾಲೆಯಲ್ಲಿ ಟೈಪಿಂಗು, ಬುಕ್‌ಕೀಪಿಂಗು ಕಲಿತು ಒಂದು ಕ್ಲಿನಿಕ್ ಸೇರಿದೆ. ಡೆಟ್ರಾಯಿಟ್‌ನ ಪಶ್ಚಿಮಕ್ಕೆ ಒಂದು ಹಳೆಯ ಬಡಾವಣೆ, ಬಹುಪಾಲು ಬಡವರು, ಮುದುಕರು. ಟೈಪಿಸ್ಟ್ ಆಗಿ ಸೇರಿದವಳು ಈಗ ಆಫೀಸ್ ಮ್ಯಾನೇಜರು. ಹತ್ತಿಯಿಂದ ಹಿಡಿದು ಕುರ್ಚಿಯವರೆಗೆ ಖರೀದಿಯೆಲ್ಲ ನನ್ನದೇ. ನಮ್ಮ ಡೈರೆಕ್ಟರು ಮಿಸೆಸ್ ಪರ್ಕಿನ್ಸ್. ಬಾಗಿಲಿಗೆ ತಲೆ ತಾಗೀತೇನೋ ಅನ್ನುವಷ್ಟು ಎತ್ತರದ ಕರಿಯ ಹೆಂಗಸು. ಭಾನುವಾರ ಚರ್ಚಿನಲ್ಲಿ ಹಾಡುತ್ತಾರೆ, ಸೋಮವಾರ ನಮ್ಮ ಬಿಲ್ಲುಗಳನ್ನು ಓದುತ್ತಾರೆ. ಎರಡಕ್ಕೂ ಅಷ್ಟೇ ಭಕ್ತಿ.

ನಮ್ಮಲ್ಲಿಗೆ ಬರುವವರಲ್ಲಿ ಮಿಸೆಸ್ ಡಾರ್ಸಿ ಅಂತ ಒಬ್ಬರು ಅಜ್ಜಿ. ಸಕ್ಕರೆ ಕಾಯಿಲೆಗೆ ಒಂದು ಕಾಲು ಹೋಗಿದೆ, ಗಾಲಿಕುರ್ಚಿ. ಪಕ್ಕದ ಮನೆಯ ಹುಡುಗರು ಎತ್ತಿ ಕಾರಿನಲ್ಲಿ ಕೂರಿಸಿದರೆ ಬಂದರು, ಇಲ್ಲದಿದ್ದರೆ ಇಲ್ಲ. ಹೋದ ಚಳಿಗಾಲ ಹಿಮ ಬಿದ್ದ ಮೇಲೆ ಅವರ ಪತ್ತೆಯೇ ಇಲ್ಲ. ಕೊನೆಗೆ ಬಂದಾಗ ಉಳಿದ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಡಾಕ್ಟರು ಬೆರಳು ತೆಗೆದು ಕಾಲು ಉಳಿಸಿದರು. "ಬರೋ ಚಳಿಗಾಲಾನೂ ಹೀಗೆ ಮನೇಲಿ ಕೂತ್ರೆ ಉಳಿಸೋಕೆ ಏನೂ ಇರಲ್ಲ" ಎಂದರು.

ಆ ಮಾತಿಗೇ ಮಿಸೆಸ್ ಪರ್ಕಿನ್ಸ್ ಅರ್ಜಿ ಹಾಕಿ, ವಾಷಿಂಗ್ಟನ್‌ನ ಫೆಡರಲ್ ಸರ್ಕಾರದಿಂದ ಗ್ರಾಂಟು ತಂದರು. ಒಂದು ವ್ಯಾನು, ಅದಕ್ಕೆ ಗಾಲಿಕುರ್ಚಿ ಏರಿಸುವ ಲಿಫ್ಟು. ಹಿಮ ಬೀಳುವುದರೊಳಗೆ ಬರಬೇಕು. ಅಷ್ಟೇ.

ಸರ್ಕಾರದ ದುಡ್ಡು ಅಂದಮೇಲೆ ಅದನ್ನು ಖರ್ಚು ಮಾಡಲಿಕ್ಕೂ ರೂಲ್ಸು ಉಂಟು. ನಮ್ಮೂರಿನ ಟೆಂಡರ್ ಇದ್ದ ಹಾಗೆ: ಪೇಪರಿನಲ್ಲಿ ಜಾಹೀರಾತು, ಮುಚ್ಚಿದ ಲಕೋಟೆಯಲ್ಲಿ ಬೆಲೆ, ಹೇಳಿದ ದಿನ ಎಲ್ಲರೆದುರು ಒಡೆಯುವುದು. ಕೆಲಸ ಬಲ್ಲವರಲ್ಲಿ ಯಾರದು ಕಡಿಮೆಯೋ ಅವರಿಗೆ ಆರ್ಡರು. (ಟೆಂಡರ್ ಅಂದಕೂಡಲೇ ನೀವು ಮುಸಿಮುಸಿ ನಗುತ್ತಿದ್ದೀರಿ, ಗೊತ್ತು. ನಾನೂ ನಕ್ಕಿದ್ದೆ.)

ಮೂರು ಲಕೋಟೆ ಬಂದವು. ರೋಗಿಗಳು ಕೂರುವ ಹಾಲಿನಲ್ಲಿ, ಮಿಸೆಸ್ ಡಾರ್ಸಿಯೂ ಸೇರಿ ಎಲ್ಲರ ಎದುರು, ಮಿಸೆಸ್ ಪರ್ಕಿನ್ಸ್ ಒಡೆದು ಓದಿದರು. ಎಲ್ಲಕ್ಕಿಂತ ಕಡಿಮೆ ಹ್ಯಾರಿಸ್ ಅನ್ನುವವರದು. ನಮ್ಮ ಕ್ಲಿನಿಕ್ಕಿಗೆ ಹತ್ತಿರದಲ್ಲೇ ಅವರ ಗ್ಯಾರೇಜು, ವ್ಯಾನುಗಳಿಗೆ ಲಿಫ್ಟು ಕೂರಿಸುವುದೇ ಕಸುಬು. ಆ ದಿನ ಟೈ ಕಟ್ಟಿಕೊಂಡು ಮದುವೆಗೆ ಬಂದ ಹಾಗೆ ಬಂದಿದ್ದರು. ಎರಡನೆಯದು ಡಿಯರ್‌ಬಾರ್ನ್‌ನ ಒಂದು ದೊಡ್ಡ ಶೋರೂಮಿನದು, ಸ್ವಲ್ಪ ಹೆಚ್ಚು; ಅವರ ಸೇಲ್ಸ್‌ಮನ್ನೂ ಬಂದು ಕೂತಿದ್ದ. ಮೂರನೆಯದನ್ನು ಬಿಡಿ, ಅವರಿಗೆ ಮಾರುವ ಮನಸ್ಸಿತ್ತೋ ಇಲ್ಲವೋ.

ಕ್ಲಿನಿಕ್ಕಿನ ಕಮಿಟಿ ಸೇರಿ ಆರ್ಡರಿಗೆ ಸಹಿ ಹಾಕಲು ಇನ್ನೊಂದು ವಾರ ಇತ್ತು. ಆ ವಾರ ನನ್ನನ್ನು ಕೆಡಿಸಿತು.

ಒಂದು ಸಂಜೆ ಊಟ ಮಾಡುತ್ತ ನಮ್ಮವರು ಹೇಳಿದರು. "ಅರಬ್ಬರು ಎಣ್ಣೆ ನಿಲ್ಸಿ ಈ ಪೆಟ್ರೋಲ್ ಗಲಾಟೆ ಆದ್ಮೇಲೆ ಕಾರು ತಗೊಳೋರೇ ಇಲ್ಲ ಕಣೇ. ಡೀಲರ್‌ಗಳು ನೊಣ ಹೊಡೀತಾ ಕೂತಿದಾರೆ."

ನೊಣ ಹೊಡೆಯುವ ಅಂಗಡಿಯವನು! ಚಿಕ್ಕಪೇಟೆಯಲ್ಲಿ ಇಂಥ ಸುದ್ದಿಗೆ ನಾವು ಕಾದು ಕೂರುತ್ತಿದ್ದೆವು. ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಶೋರೂಮಿಗೆ ಹೋದೆ. ಅದೇ ಸೇಲ್ಸ್‌ಮನ್ ಓಡಿಬಂದ. (ಇಲ್ಲಿಂದ ಮಾತೆಲ್ಲ ಇಂಗ್ಲಿಷು. ನಿಮಗೋಸ್ಕರ ಕನ್ನಡ.)

"ಗ್ಯಾರೇಜಿನವರ ಬೆಲೆ ನೀವೇ ಕೇಳಿದೀರಲ್ಲ. ಈಗ ನಿಮ್ಮ ಕೊನೇ ಬೆಲೆ ಹೇಳಿ."

"ಲಕೋಟೇಲಿ ಬರೆದಿದ್ದೇ ಕೊನೇದು, ಮೇಡಮ್."

ನಾನು ಎದ್ದೆ. ಕೋಟಿನ ಗುಂಡಿ ಹಾಕಿಕೊಂಡೆ. (ಇಲ್ಲಿ ಚಪ್ಪಲಿಯ ಕೆಲಸವನ್ನು ಕೋಟು ಮಾಡುತ್ತದೆ.) ಮೂರನೇ ಗುಂಡಿಗೆ ಅವನು, "ಒಂದು ನಿಮಿಷ" ಎಂದ. ಮ್ಯಾನೇಜರ್ ರೂಮಿಗೆ ಹೋಗಿಬಂದ. ಹ್ಯಾರಿಸರ ಬೆಲೆಗಿಂತ ಮುನ್ನೂರು ಕಡಿಮೆ!

ಅಲ್ಲಿಗೇ ನಿಲ್ಲಿಸಿದರೆ ನಾನು ಸರೋಜ ಹೇಗಾದೇನು? ಸಂಜೆ ಹ್ಯಾರಿಸರ ಗ್ಯಾರೇಜಿಗೆ ಹೋದೆ. ಅವರ ಬೆಲೆಯನ್ನೂ ಇಳಿಸಿದರೆ, ಆ ಬೆಲೆ ಹಿಡಿದುಕೊಂಡು ಮತ್ತೆ ಶೋರೂಮಿಗೆ ಹೋಗಬಹುದಲ್ಲ?

ಹ್ಯಾರಿಸ್ ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ಎರಡನೇ ಸುತ್ತು ಇದೆ ಅನ್ನಿ."

"ಹಾಗಂತಲೇ ಇಟ್ಕೊಳಿ."

"ಅದು ಮೊದಲೇ ಗೊತ್ತಿದ್ರೆ ಮೊದಲನೇ ಸುತ್ತಲ್ಲಿ ಮುನ್ನೂರು ಜಾಸ್ತಿ ಬರೀತಿದ್ದೆ. ಈಗ ಇಳಿಸಿ ನಿಮ್ಮನ್ನ ಖುಷಿ ಪಡಿಸ್ತಿದ್ದೆ. ಮುಚ್ಚಿದ ಲಕೋಟೆ ಅಂದ್ರಿ. ನಂಬಿ ನನ್ನ ತಳದ ಬೆಲೆ ಬರೆದೆ." ಚಿಂದಿಯನ್ನು ಡಬ್ಬಿಗೆ ಎಸೆದರು. "ಗುಡ್ ಈವನಿಂಗ್, ಲೇಡಿ."

ನಾನು ಕೋಟಿನ ಗುಂಡಿ ಹಾಕಿಕೊಂಡೆ. ನಿಧಾನವಾಗಿ. ಬಾಗಿಲವರೆಗೂ ಹೋದೆ. ಯಾರೂ ಕೂಗಲಿಲ್ಲ.

ಮಹಾ ಮೊಂಡ ಮನುಷ್ಯ ಅಂತ ಬೈದುಕೊಂಡೇ ಮರುದಿನ ಮಿಸೆಸ್ ಪರ್ಕಿನ್ಸ್ ಎದುರು ಕೂತು, ಮುನ್ನೂರು ಡಾಲರಿನ ನನ್ನ ಪ್ರತಾಪವನ್ನು ವರ್ಣಿಸಿದೆ. ಅವರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಇಡೀ ಕ್ಲಿನಿಕ್ಕಿನಲ್ಲಿ ಟೈಪ್‌ರೈಟರು ನಿಲ್ಲುತ್ತದೆ.

"ಹನಿ, ಆ ಶೋರೂಮಿನವನಿಗೆ ಹ್ಯಾರಿಸ್ ಬೆಲೆ ಗೊತ್ತಿತ್ತಾ?" (ಹನಿ ಅಂದರೆ ಜೇನು, ಅವರು ಪ್ರೀತಿಯಿಂದ ಕರೆಯುವುದು ಹಾಗೆ.)

"ಗೊತ್ತಿಲ್ದೆ ಹೇಗೆ ಇಳಿಸ್ತಾನೆ?"

"ಬರೆಯುವಾಗ ಹ್ಯಾರಿಸ್‌ಗೆ ಅವನ ಬೆಲೆ ಗೊತ್ತಿತ್ತಾ?"

"ಹೇಗೆ ಗೊತ್ತಿರತ್ತೆ? ಲಕೋಟೆ ಮುಚ್ಚಿತ್ತಲ್ಲ" ಎಂದೆ.

"ಈಗ ಹ್ಯಾರಿಸ್ ಇಳಿಸ್ತಾರೆ, ಅವನು ಇಳಿಸ್ತಾನೆ, ಮತ್ತೆ ಹ್ಯಾರಿಸ್. ಎಲ್ಲಿವರೆಗೆ?"

"ಯಾರಿಗಾದ್ರೂ ಸುಸ್ತಾಗೋವರೆಗೆ" ಎಂದೆ. ಅದೇ ತಾನೇ ಶಾಸ್ತ್ರ?

"ಸುಸ್ತಾಗೋದು ಮಿಸೆಸ್ ಡಾರ್ಸಿಗೆ." ಅವರು ದನಿ ಏರಿಸಲಿಲ್ಲ. ಆಡಿಟ್ ಮಾಡುವವರು ಬಂದು, ಕಡಿಮೆ ಬರೆದವನನ್ನು ಬಿಟ್ಟು ಇನ್ನೊಬ್ಬನಿಗೆ ಯಾಕೆ ಕೊಟ್ಟಿರಿ ಅಂತ ಕೇಳಿದರೆ, ಸರಿಯಾದ ಉತ್ತರ ಇಲ್ಲದಿದ್ದರೆ ಆ ಖರ್ಚನ್ನು ಸರ್ಕಾರ ಒಪ್ಪುವುದಿಲ್ಲ. ವ್ಯಾನಿನ ಪೂರ್ತಿ ದುಡ್ಡನ್ನು ಕ್ಲಿನಿಕ್ಕೇ ವಾಪಸ್ ಕಟ್ಟಬೇಕು. ಎಲ್ಲಿದೆ ದುಡ್ಡು? ವ್ಯಾನು ಮಾರಿಯೇ ಕಟ್ಟಬೇಕು. ಹೀಗೆ, ಒಂದನೇ ಕ್ಲಾಸಿನ ಮಗುವಿಗೆ ಹೇಳುವಂತೆ ಹೇಳಿದರು.

"ಹಾಗಾದ್ರೆ ನಾನು ಶೋರೂಮಿಗೆ ಹೋಗೇ ಇಲ್ಲ ಅಂದ್ಕೊಳೋಣ. ಹ್ಯಾರಿಸ್‌ಗೇ ಆರ್ಡರ್ ಕೊಡೋಣ" ಎಂದೆ.

ಅದೂ ನಡೆಯಲಿಲ್ಲ. ಅಷ್ಟರಲ್ಲಿ ಶೋರೂಮಿನಿಂದ ಫೋನು. ನಾವು ಮುನ್ನೂರು ಕಡಿಮೆ ಕೊಟ್ಟಿದ್ದೇವೆ, ಆರ್ಡರು ನಮಗೇ ಬರಬೇಕು, ಇಲ್ಲದಿದ್ದರೆ ಗ್ರಾಂಟು ಕೊಟ್ಟವರಿಗೇ ಬರೆಯುತ್ತೇವೆ ಅಂತ. ಗ್ರಾಂಟಿನ ಉಸ್ತುವಾರಿ ಶಿಕಾಗೋದ ಪ್ರಾದೇಶಿಕ ಕಚೇರಿಯದು. ಅವರು ಅನುಮಾನ ಪಟ್ಟು ಫೈಲು ತಡೆಹಿಡಿದರೆ? ಅಕ್ಟೋಬರ್ ಬಂದಾಗಿತ್ತು. ಬೆಳಗ್ಗೆ ಕಾರಿನ ಗಾಜಿನ ಮೇಲೆ ಇಬ್ಬನಿ ಗಟ್ಟಿಯಾಗಲು ಶುರುವಾಗಿತ್ತು.

ಮಿಸೆಸ್ ಪರ್ಕಿನ್ಸ್ ಪರ್ಸು ತೆಗೆದುಕೊಂಡು ಎದ್ದರು. "ಅವರ ಕಾಗದ ಹೋಗೋಕೆ ಮುಂಚೆ ನಾವೇ ಹೋಗಿ ಹೇಳೋಣ. ನಾಳೆ ಬೆಳಗ್ಗೆ. ನಿಮ್ಮ ಕಾರು ನನ್ನದಕ್ಕಿಂತ ಚೆನ್ನಾಗಿದೆ."

(ಚೆನ್ನಾಗಿರಲೇಬೇಕು. ಎಷ್ಟು ಚೌಕಾಸಿ ಮಾಡಿದ್ದೆ!)

ಕತ್ತಲಿರುವಾಗಲೇ ಹೊರಟೆವು. ಪೆಟ್ರೋಲ್ ಉಳಿಸಲಿ ಅಂತ ಸರ್ಕಾರದ ಕಟ್ಟಪ್ಪಣೆ, ಹೈವೇಯಲ್ಲಿ ಈಗ ಗಂಟೆಗೆ ಐವತ್ತೈದು ಮೈಲಿಗಿಂತ ಜೋರಾಗಿ ಹೋಗುವ ಹಾಗಿಲ್ಲ. ಅರ್ಧ ದಾರಿಯ ಕಲಮಝೂ ಊರು ದಾಟಿದ ಮೇಲೆ ಪುಳಿಯೋಗರೆ ಡಬ್ಬಿ ತೆಗೆದೆ. ಮಿಸೆಸ್ ಪರ್ಕಿನ್ಸ್ ಎರಡು ಸಲ ಹಾಕಿಸಿಕೊಂಡರು. ನನ್ನನ್ನು ಬೈಯಲು ಅಷ್ಟು ಉದ್ದದ ದಾರಿ ಇತ್ತು, ಬೈಯಲಿಲ್ಲ. ಬದಲಿಗೆ ಬದನೆಕಾಯಿಯವಳ ಕಥೆ ಕೇಳಿದರು, ಹೊಟ್ಟೆ ಹಿಡಿದು ನಕ್ಕರು. ಶಿಕಾಗೋದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಅಮೆರಿಕದಲ್ಲಿ ನನಗೆ ಬಿಟ್ಟಿ ಸಿಕ್ಕಿದ್ದು ಅದೊಂದೇ ಗಂಟೆ. ವಾಪಸ್ ಬರುವಾಗ ಅದನ್ನೂ ಕಿತ್ತುಕೊಂಡರು.

ಕಚೇರಿಯಲ್ಲಿ ಬೋಳುತಲೆಯ ಅಧಿಕಾರಿಯೊಬ್ಬರು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಈಗ "ಈ ಹೆಂಗಸು ಮಾಡಿದ್ದು" ಅನ್ನುತ್ತಾರೆ, ಕೆಲಸ ಹೋಗುತ್ತದೆ, ಪರದೇಶದವಳು ಅನ್ನುವ ಮಾತೂ ಬರುತ್ತದೆ ಅಂತ ಕಾದೆ.

ಮಿಸೆಸ್ ಪರ್ಕಿನ್ಸ್ ಹೇಳಿದ್ದು ಇಷ್ಟೇ: "ಲಕೋಟೆ ಒಡೆದ ಮೇಲೆ ನನ್ನ ಆಫೀಸು ಒಬ್ಬರ ಹತ್ತಿರ ಚೌಕಾಸಿ ಮಾಡಿತು. ಮಾಡಬಾರದಿತ್ತು. ಹೇಳಿಕೊಡೋದು ನನ್ನ ಕೆಲಸ, ಹೇಳಿಕೊಟ್ಟಿರಲಿಲ್ಲ."

ನನ್ನ ಆಫೀಸು! ನಾನು ನೆಲ ನೋಡಿದೆ. ಕಣ್ಣು ತುಂಬಿ ಬಂತು. ಬೆಂಗಳೂರಿನಲ್ಲಿ ನಮ್ಮಪ್ಪ ಇಡೀ ಜೀವಮಾನ ಆಫೀಸಿನಲ್ಲಿ ದುಡಿದರು. ಅವರ ಮೇಲಿನವರು ಯಾರಾದರೂ ಒಮ್ಮೆಯಾದರೂ ಅವರ ಪರವಾಗಿ ಹೀಗೆ ಎದೆ ಕೊಟ್ಟಿದ್ದರೇ? ಅಪ್ಪ ಇದ್ದಿದ್ದರೆ ಕೇಳುತ್ತಿದ್ದೆ.

ಅಧಿಕಾರಿ ಸ್ಯಾಂಡ್‌ವಿಚ್ ಕೆಳಗಿಟ್ಟರು. ಯಾರಿಗೆ ಏನು ಹೇಳಿದಿರಿ, ಅವರೇನು ಹೇಳಿದರು ಅಂತ ನನ್ನನ್ನೇ ಕೇಳಿದರು. ಹೇಳಿದೆ. "ಲಕೋಟೆಯೊಳಗಿನ ಬೆಲೆಯೇ ಬೆಲೆ. ಆಮೇಲೆ ಆಡಿದ್ದಕ್ಕೆ ಲೆಕ್ಕವಿಲ್ಲ. ಹ್ಯಾರಿಸ್‌ಗೆ ಆರ್ಡರ್ ಕೊಡಿ. ನಡೆದದ್ದನ್ನೆಲ್ಲ ನಿಜವಾಗಿ ಬರೆದು ಫೈಲಿಗೆ ಹಾಕಿ. ಶೋರೂಮಿಗೂ ಅದನ್ನೇ ಬರೆದು ತಿಳಿಸಿ" ಎಂದರು.

ಅಷ್ಟೇ? ಬದುಕಿದೆ ಅನ್ನಿಸಿತು. ಬದುಕಿದ ಕೂಡಲೇ ಬಾಯಿ ಎದ್ದಿತು. "ಸಾರ್, ಹ್ಯಾರಿಸ್ ಅವರಿಗೆ ಒಂದು ನೂರಾದ್ರೂ ಇಳಿಸೋಕೆ..."

ಟೇಬಲ್ಲಿನ ಕೆಳಗೆ ಮಿಸೆಸ್ ಪರ್ಕಿನ್ಸ್ ಅವರ ದೊಡ್ಡ ಷೂ ನನ್ನ ಪಾದದ ಮೇಲೆ ಬಂದು ಕೂತಿತು.

ಆ ರಾತ್ರಿ ಶಿಕಾಗೋ ವಿಮಾನ ನಿಲ್ದಾಣದ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಕಮಲಳ ಮನೆಯಲ್ಲಿ ಉಳಿದೆವು. ಅನ್ನ, ಸಾರು, ಹಪ್ಪಳ. ತಲೆಯ ಮೇಲೆ ವಿಮಾನಗಳು. ಬೆಳಗ್ಗೆ ಕಾಫಿ ಕೊಡುತ್ತಲೇ ಕಮಲ, "ಸರೋಜಕ್ಕಾ, ಹೇಗೂ ಬಂದಿದೀಯ, ಒಂದು ಸೋಫಾ ನೋಡ್ಬೇಕು, ಬಾರೇ" ಎಂದಳು. ನಾನು ಮಿಸೆಸ್ ಪರ್ಕಿನ್ಸ್ ಮುಖ ನೋಡಿದೆ. ಇನ್ನು ಜನ್ಮದಲ್ಲಿ ಬಾಯಿ ತೆರೆಯಬಾರದು ಅಂತ ಹಿಂದಿನ ರಾತ್ರಿಯೇ ತೀರ್ಮಾನಿಸಿದ್ದೆ.

"ದುಡ್ಡು ಯಾರದು?" ಅವರು ಕಮಲಳನ್ನು ಕೇಳಿದರು.

"ನನ್ನದೇ."

"ಹಾಗಾದ್ರೆ ಹೋಗೋಣ. ನಾನೂ ಬರ್ತೀನಿ."

ಅಂಗಡಿಯಲ್ಲಿ ನಾನು ಸೋಫಾದ ಕಾಲು ಅಲ್ಲಾಡಿಸಿದೆ, ಬಟ್ಟೆಯಲ್ಲೊಂದು ಎಳೆ ಹುಡುಕಿದೆ, ಎದುರು ಅಂಗಡಿಯ ಬೆಲೆ ಹೇಳಿದೆ, ಕೋಟಿಗೆ ಕೈ ಹಾಕಿದೆ. ಅಂಗಡಿಯವನು ಇಳಿದ, ಮತ್ತೆ ಇಳಿದ. ಇನ್ನು ಮುಗಿಸೋಣ ಅನ್ನುವಷ್ಟರಲ್ಲಿ ಹಿಂದಿನಿಂದ ಚರ್ಚಿನ ಹಾಡುಗಾರ್ತಿಯ ದೊಡ್ಡ ದನಿ ಬಂತು. "ಹನಿ, ಅವನ ಹತ್ರ ಇನ್ನೂ ಇಪ್ಪತ್ತು ಇದೆ. ಮುಖ ನೋಡಿ ಹೇಳ್ತೀನಿ."

ಇತ್ತು!

ದಾರಿಯಲ್ಲಿ ಅವರೇ ಬಿಡಿಸಿ ಹೇಳಿದರು. ನನ್ನ ವಿದ್ಯೆ ತಪ್ಪಲ್ಲವಂತೆ. ಅಂಗಡಿಯವನ ಮೊದಲ ಬೆಲೆ ಸುಳ್ಳು ಅಂತ ಅವನಿಗೂ ಗೊತ್ತು, ನನಗೂ ಗೊತ್ತು, ಇಬ್ಬರೂ ಸಮಸಮ. ಆದರೆ ಲಕೋಟೆಯಲ್ಲಿ ಮೊದಲೇ ನಿಜ ಬರೆಯಿರಿ ಅಂತ ನಾವೇ ಕರೆದೆವು. ನಿಜ ಬರೆದವನನ್ನು ನಿಜ ಬರೆದದ್ದಕ್ಕೇ ಸೋಲಿಸಿದರೆ? "ಮುಂದಿನ ಸಲ ಹ್ಯಾರಿಸ್ ಲಕೋಟೆ ಕಳಿಸಲ್ಲ. ದೊಡ್ಡ ಶೋರೂಮ್ ಒಂದೇ ಉಳಿಯತ್ತೆ. ಆಗ ಯಾರ ಬೆಲೆ ಹೇಳಿ ಇಳಿಸ್ತೀರಿ?" ನಾನು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಿದ್ದೆ. ಚಿಕ್ಕಪೇಟೆಯಲ್ಲಿ ಇದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಕಮಿಟಿ ಸಹಿ ಹಾಕಿತು. ನವೆಂಬರಿನಲ್ಲಿ, ಮೊದಲ ಹಿಮಕ್ಕಿಂತ ಮುಂಚೆ, ಹ್ಯಾರಿಸ್ ವ್ಯಾನು ತಂದು ನಿಲ್ಲಿಸಿದರು. ಲಿಫ್ಟಿನ ಮೇಲೆ ಮೊದಲು ಏರಿದವರು ಮಿಸೆಸ್ ಡಾರ್ಸಿ. ನೆಲದಿಂದ ಮೇಲೇಳುವಾಗ ಮಹಾರಾಣಿಯ ಹಾಗೆ ಕೈಬೀಸಿ, "ಏನ್ರೀ, ಮುನ್ನೂರು ಡಾಲರ್ ಲೇಡಿ, ದಾರಿ ಬಿಡಿ!" ಎಂದು ಕೂಗಿದರು. ಆ ಹೆಸರು ಈಗ ಕ್ಲಿನಿಕ್ಕಿನಲ್ಲಿ ನನಗೆ ಖಾಯಂ ಆಗಿದೆ. ಕಳೆದ ವಾರ ಮೊಣಕಾಲುದ್ದ ಹಿಮ ಬಿತ್ತು. ಆ ದಿನವೂ ಅಜ್ಜಿ ಬಂದರು. ಡಾಕ್ಟರು ಕಾಲು ನೋಡಿ ತಲೆದೂಗಿದರು. ಕಾಲು ಬೆಚ್ಚಗಿತ್ತು.

ಅದೇ ದಿನ ಹ್ಯಾರಿಸ್ ಲಿಫ್ಟು ನೋಡಿಕೊಂಡು ಹೋಗಲು ಬಂದವರು, ಹೆಂಡತಿ ಮಾಡಿದ ಗೆಣಸಿನ ಕಡುಬೊಂದನ್ನು ನನ್ನ ಮೇಜಿನ ಮೇಲಿಟ್ಟರು. ಇಲ್ಲಿ ಅದಕ್ಕೆ ಪೈ ಅನ್ನುತ್ತಾರೆ. ಬಿಸಿ, ಜಾಯಿಕಾಯಿಯ ಘಮ.

"ಇದನ್ನ ಬಿಟ್ಟಿ ತಗೊಳೋ ಹಾಗಿಲ್ಲ, ಮಿಸ್ಟರ್ ಹ್ಯಾರಿಸ್. ರೂಲ್ಸು" ಎಂದೆ.

ಅವರು ನಕ್ಕರು. "ಹಾಗಾದ್ರೆ ಎರಡು ಡಾಲರ್."

ನನ್ನ ಸ್ವಂತ ಪರ್ಸು ತೆರೆದು ಎರಡು ಡಾಲರ್ ಕೊಟ್ಟೆ. ಮಾತಾಡದೆ. (ಒಂದೂವರೆಗೆ ಬರುತ್ತಿತ್ತು.)

ಮನೆಯಲ್ಲಿ ಈ ಸುದ್ದಿ ಹೇಳಿದರೆ ಮಗಳು ಹಣೆ ಮುಟ್ಟಿ ನೋಡಿ, "ಮಾಮ್, ಆರ್ ಯೂ ಸಿಕ್?" ಎಂದಳು. ನಮ್ಮವರು ಎರಡನೇ ತುಂಡಿಗೆ ಕೈ ಹಾಕಿದರು.

ಈಗ ನಿಮಗೊಂದು ಮಾತು. ಗಣೇಶನ ಕಮಿಟಿಯ ಖಜಾಂಚಿ ನೀವಿರಬಹುದು, ಶಾಲೆಯ ಕಟ್ಟಡಕ್ಕೆ ಬಂದ ಸರ್ಕಾರದ ದುಡ್ಡು ನಿಮ್ಮ ಕೈಯಲ್ಲಿರಬಹುದು, ಮಹಿಳಾ ಸಮಾಜಕ್ಕೆ ಹೊಲಿಗೆ ಮಿಷನ್ನು ಕೊಳ್ಳುವವರು ನೀವೇ ಇರಬಹುದು. ಏನು ಬೇಕು ಅನ್ನುವುದನ್ನು ಎಲ್ಲರಿಗೂ ಒಂದೇ ಥರ ಹೇಳಿ. ಬೆಲೆಯನ್ನು ಲಕೋಟೆಯಲ್ಲಿ ತರಿಸಿ, ಜನರ ಎದುರು ಒಡೆಯಿರಿ. ಯಾರಿಗೆ ಯಾಕೆ ಕೊಟ್ಟಿರಿ ಅಂತ ಆ ದಿನವೇ ಬರೆದಿಡಿ. ತಪ್ಪಾಯಿತೋ, ಬೇರೆಯವರು ಹೇಳುವ ಮುಂಚೆ ನೀವೇ ಹೋಗಿ ಹೇಳಿ. ಜೊತೆಗೆ ಪುಳಿಯೋಗರೆ ಒಯ್ಯಿರಿ, ದಾರಿ ಉದ್ದ. ಚೌಕಾಸಿ ಬಿಡಿ ಅಂತ ನಾನು ಸತ್ತರೂ ಹೇಳುವವಳಲ್ಲ. ನಿಮ್ಮ ಸೋಫಾಕ್ಕೆ, ನಿಮ್ಮ ಸೀರೆಗೆ, ಕೊನೆಯ ಪೈಸೆಯವರೆಗೂ ಜಗ್ಗಾಡಿ. ಊರಿನ ದುಡ್ಡಿದ್ದಾಗ ಮಾತ್ರ, ಲಕೋಟೆ ಒಡೆದ ಮೇಲೆ ಬಾಯಿ ಮುಚ್ಚಿ.

ಎರಡನೇ ಸುತ್ತು ಇದೆ ಅಂತ ಗೊತ್ತಾದರೆ, ಮೊದಲನೇ ಸುತ್ತಿನಲ್ಲಿ ನಿಮಗೆ ನಿಜ ಹೇಳುವವರು ಯಾರು?